ಯಾರಿಗೂ ಬೇಡದ ಗುಡ್ಡೆ

ಭಾನುವಾರ ಎಂದರೆ ಬೇರೆಯವರಿಗೆ ಏನು ನೆನಪಾಗುತ್ತದೋ ಗೊತ್ತಿಲ್ಲ, ನನ್ನ ಮೂಗಿಗೆ ಬೋಟಿಯ ವಾಸನೆ ಅಡರುತ್ತದೆ. ಬೋಟಿ ಎಂದರೆ ಕುರಿಯ ಕರುಳು, ಹೊಟ್ಟೆ. ಖಾರ ಹಾಕಿ ಬೇಯಿಸಿದ ಮೇಲೆ ಅದರ ರುಚಿಯನ್ನು ಹೊಗಳುವ ಗಂಡಸರು ಬೇಕಾದಷ್ಟಿದ್ದಾರೆ. ಬೇಯುವುದಕ್ಕೆ ಮುಂಚೆ ಅದರೊಳಗೆ ಏನಿತ್ತು ಎನ್ನುವುದು ನಮ್ಮಂಥ ಹೆಂಗಸರಿಗೆ ಮಾತ್ರ ಗೊತ್ತು. ವಾರದಲ್ಲಿ ಆರು ದಿನ ನಾನು ಕಾರ್ಖಾನೆಯಲ್ಲಿ ರಬ್ಬರ್ ಉಂಗುರಗಳನ್ನು ಬಿಳಿ ದೀಪದ ಕೆಳಗೆ ತಿರುಗಿಸಿ ತಿರುಗಿಸಿ ತಪ್ಪು ಹುಡುಕುತ್ತೇನೆ. ಅದೇ ನನ್ನ ಕೆಲಸ. ಏಳನೆಯ ದಿನ ಕುಕ್ಕರಗಾಲಲ್ಲಿ ಕೂತು ಕರುಳು ತಿರುಗಿಸುತ್ತೇನೆ.

ನಾವಿರುವುದು ಹೊಸೂರಿನಲ್ಲಿ, ಬಾಗಲೂರು ರಸ್ತೆಯ ಕಡೆಯ ಒಂದು ಲೇಔಟಿನಲ್ಲಿ. ಗಂಡ, ನಾನು, ಹತ್ತು ವರ್ಷದ ಮಗಳು. ಮದುವೆಯಾಗಿ ಬಂದ ಹೊಸದರಲ್ಲಿ ಮನೆಯ ಹಿಂದೆ ಗುಲಾಬಿ ತೋಟವಿತ್ತು. ಈಗ ಅಲ್ಲಿ ಮೂರು ಅಂತಸ್ತಿನ ಬಾಡಿಗೆ ಮನೆಗಳಿವೆ. "ಹೊಸೂರು ಈಗ ದೊಡ್ಡ ಸಿಟಿ ಕಣಮ್ಮಿ" ಎಂದು ನನ್ನ ಗಂಡ ಹೇಳಿದಾಗಲೆಲ್ಲ, ಊರನ್ನು ತಾವೇ ಕಟ್ಟಿಸಿದ ಹಾಗೆ ಎದೆ ಉಬ್ಬಿಸುತ್ತಾರೆ. ದೊಡ್ಡ ಸಿಟಿಯಾದ ಮೇಲೆ ವೀಕೆಂಡ್ ಎನ್ನುವ ಮಾತೂ ಬಂತು. ಗಡಿಯಾಚೆ ಬೆಂಗಳೂರಿನವರಿಗೆ ಎರಡು ದಿನದ ವೀಕೆಂಡ್. ಶನಿವಾರವೂ ಶಿಫ್ಟಿಗೆ ಹೋಗುವ ನಮಗೆ ಎಲ್ಲಿಯ ವೀಕೆಂಡು? ಆದರೂ ಶುಕ್ರವಾರವೇ ಎಲ್ಲರೂ ಒಬ್ಬರನ್ನೊಬ್ಬರು ಕೇಳತೊಡಗಿದರು, "ಈ ಸಲ ವೀಕೆಂಡ್ ಏನ್ ಪ್ಲಾನು?"

ನನ್ನ ಪ್ಲಾನು ಒಂದೇ ಇತ್ತು. ಬೆಳಿಗ್ಗೆ ಆರಕ್ಕೆ ಕಾರ್ಖಾನೆ ವ್ಯಾನು ಹತ್ತಿ ಸಂಜೆ ಆರೂವರೆಗೆ ಇಳಿಯುವ ನನಗೆ ಮಗಳ ಮುಖ ನೆಟ್ಟಗೆ ಕಾಣುವುದು ಭಾನುವಾರ ಮಾತ್ರ. ಆ ಒಂದು ದಿನ ಅವಳ ಜೊತೆ ಇರಬೇಕು, ಅಷ್ಟೆ. ದೊಡ್ಡವಳಾಗುತ್ತಿದ್ದಾಳೆ, ಇನ್ನೆರಡು ಮೂರು ವರ್ಷ ಕಳೆದರೆ ಅವಳೇ ನನ್ನನ್ನು ಹತ್ತಿರ ಸೇರಿಸುವುದಿಲ್ಲ. ಆ ಒಂದು ದಿನವನ್ನು ಹಾಳು ಮಾಡಲು ಹುಟ್ಟಿಕೊಂಡದ್ದೇ ಈ ಗುಡ್ಡೆ ಬಾಡು.

ಗುಡ್ಡೆ ಬಾಡು ನಮ್ಮ ಕಡೆ ಹಳೆಯ ಪದ್ಧತಿ. ಹಬ್ಬದ ಮಾರನೆಯ ದಿನ ಹತ್ತು ಹದಿನೈದು ಮನೆಯವರು ಸೇರಿ ಒಂದು ಮರಿ ಕಡಿದು, ಎಲೆಗಳ ಮೇಲೆ ಮನೆಗೊಂದರಂತೆ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ರಾಯಕೋಟೆ ಕಡೆಯ ನನ್ನ ತವರಿನಲ್ಲಿ ಗುಡ್ಡೆ ಹಾಕುತ್ತಿದ್ದವರು ನನ್ನ ಅಪ್ಪ. ಎದೆ, ತೊಡೆ, ಈಲಿ ಎನ್ನುವ ಲಿವರು, ಬೋಟಿ, ಎಲ್ಲವೂ ಎಲ್ಲ ಗುಡ್ಡೆಗೂ ಬೀಳಬೇಕು. ಆಮೇಲೆ ಯಾರಾದರೊಬ್ಬರನ್ನು ಗುಡ್ಡೆಗಳಿಗೆ ಬೆನ್ನು ಹಾಕಿ ನಿಲ್ಲಿಸುತ್ತಿದ್ದರು. ಅಪ್ಪ ಒಂದು ಗುಡ್ಡೆಯನ್ನು ಕಡ್ಡಿಯಿಂದ ಮುಟ್ಟಿ "ಇದ್ಯಾರ್ಗೆ?" ಎನ್ನುವರು. ಬೆನ್ನು ಹಾಕಿ ನಿಂತವರು ಒಂದು ಮನೆ ಹೆಸರು ಕೂಗುವರು. ಯಾವ ಗುಡ್ಡೆ ಎಂದು ಕೂಗುವವರಿಗೆ ಕಾಣುವುದಿಲ್ಲ, ಯಾವ ಮನೆ ಎಂದು ಮುಟ್ಟುವವರಿಗೆ ಗೊತ್ತಿರುವುದಿಲ್ಲ. "ಪಾಲು ಹಾಕೋ ಕೈ ಬ್ಯಾರೆ ಇರ್ಬೇಕು, ಕೂಗೋ ಬಾಯಿ ಬ್ಯಾರೆ ಇರ್ಬೇಕು" ಎನ್ನುತ್ತಿದ್ದರು ಅಪ್ಪ. ಇಡೀ ಊರಿನಲ್ಲಿ ಒಂದು ದಿನವೂ ಬಾಡಿನ ವಿಷಯಕ್ಕೆ ಜಗಳವಾದದ್ದನ್ನು ನಾನು ಕಾಣೆ.

ಈ ಕಥೆಯನ್ನು ಗಂಡನಿಗೆ ಹೇಳಿದ್ದು ನಾನೇ. ನನ್ನ ಬಾಯಿಗೆ ನಾನೇ ಮಣ್ಣು ಹಾಕಿಕೊಂಡೆ. ಅವರು ಅದನ್ನು ಲೇಔಟಿನ ಗಂಡಸರಿಗೆ ಹೇಳಿದರು, ಗಂಡಸರು ವಾಟ್ಸಾಪ್ ಗುಂಪು ಮಾಡಿದರು, ವರ್ಷಕ್ಕೊಮ್ಮೆ ನಡೆಯುವುದು ವಾರಕ್ಕೊಮ್ಮೆ ನಡೆಯತೊಡಗಿತು. ಹತ್ತು ಮನೆ. ಕನ್ನಡದವರು, ತಮಿಳಿನವರು, ತೆಲುಗಿನವರು, ಎಲ್ಲರಿಗೂ ಭಾನುವಾರ ಏಳು ಗಂಟೆಗೆ ಎದುರಿನ ಖಾಲಿ ಸೈಟಿನಲ್ಲಿ ಹಬ್ಬ. ಗುಡ್ಡೆ ಹಾಕುವ ಮುಖ್ಯಸ್ಥರು ನನ್ನ ಗಂಡ. ಕಾರ್ಖಾನೆಯಲ್ಲಿ ಅವರು ಕಾಂಟ್ರಾಕ್ಟ್ ಮೇಲೆ ಇರುವವರು. ಅಲ್ಲಿ ಅವರ ಮಾತನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಸೂಪರ್‌ವೈಸರುಗಳೂ ಪಾತ್ರೆ ಹಿಡಿದು ಅವರ ಮುಂದೆ ನಿಲ್ಲುತ್ತಿದ್ದರು. ಆ ಸುಖ ನನಗೆ ಅರ್ಥವಾಗುತ್ತಿರಲಿಲ್ಲ ಎಂದಲ್ಲ.

ಆದರೆ ಸಿಟಿಯ ಗುಡ್ಡೆ ಬಾಡನ್ನು ನೋಡಬೇಕು, ಅಸಹ್ಯ! ಒಬ್ಬರಿಗೆ ಕೊಬ್ಬು ಬೇಡ. ಒಬ್ಬರಿಗೆ ಮೂಳೆ ಬೇಡ, ಮಗು ತಿನ್ನುವುದಿಲ್ಲ. ಒಬ್ಬರು ತಮ್ಮ ಗುಡ್ಡೆಯ ಫೋಟೋ ತೆಗೆದು ಹೆಂಡತಿಗೆ ಕಳಿಸಿ, ಅವಳು ಒಪ್ಪಿದ ಮೇಲೆ ಚೀಲಕ್ಕೆ ಹಾಕಿಕೊಳ್ಳುವರು. ತಲೆ, ಕಾಲಿಗೆ ಹೇಗೋ ಗಿರಾಕಿ ಸಿಗುತ್ತಿದ್ದರು. ಬೋಟಿ ಮಾತ್ರ ಯಾರಿಗೂ ಬೇಡ. "ವೇಣಾಂಕಾ, ನಾತ್ತಂ ತಾಂಗಾದು" ಎಂದು ಪಕ್ಕದ ಮನೆಯ ತಮಿಳಿನಾಕೆ ಮೂಗು ಮುಚ್ಚಿಕೊಂಡು ಒಳಗೆ ಓಡುವಳು. ವಾಸನೆ ತಡೆಯಲಾಗದಂತೆ. ಅದೇ ಬೋಟಿಯನ್ನು ನಾನು ಬೇಯಿಸಿ ಒಂದು ಬಟ್ಟಲು ಕಳಿಸಿಕೊಟ್ಟರೆ ಬಟ್ಟಲನ್ನು ನೆಕ್ಕಿ ವಾಪಸು ಕಳಿಸುತ್ತಾಳೆ.

"ಪ್ರಾಣ ಕೊಟ್ಟ ಪ್ರಾಣಿ ಕಣಮ್ಮಿ, ಬಿಸಾಕಕ್ಕೆ ಮನ್ಸು ಬರ್ಲಿಲ್ಲ" ಎನ್ನುತ್ತ ನನ್ನ ಗಂಡ ಇಡೀ ಮರಿಯ ಬೋಟಿಯನ್ನು ನಮ್ಮ ಮನೆಗೇ ತರುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ. ತಂದು ಹಿಂದಿನ ನಲ್ಲಿಯ ಹತ್ತಿರ ಇಟ್ಟು, ಕೈ ತೊಳೆದುಕೊಂಡು, ಮತ್ತೆ ಗಂಡಸರ ಜೊತೆ ಹರಟೆಗೆ ಹೋಗುವರು.

ಆಮೇಲಿನ ಮೂರು ತಾಸು ನನ್ನದು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತು, ಕರುಳಿನ ಒಂದು ತುದಿಗೆ ಕಡ್ಡಿ ತೂರಿಸಿ ಒಳಗನ್ನು ಹೊರಗೆ ಮಾಡಬೇಕು. ಹಿಕ್ಕೆ ಉದುರುತ್ತದೆ. ಹೊಟ್ಟೆಯನ್ನು ಸೀಳಿದರೆ ಅರೆಬರೆ ಅರಗಿದ ಹುಲ್ಲು, ಹಸಿರು ಗಸಿ, ಬೆಚ್ಚಗೆ. ಬಿಸಿ ನೀರಿನಲ್ಲಿ ಅದ್ದಿ, ಸುಣ್ಣ ಹಚ್ಚಿ, ಕಪ್ಪು ಪೊರೆಯನ್ನು ಚಾಕುವಿನಿಂದ ಹೆರೆಯಬೇಕು. ಉಪ್ಪು, ಅರಿಸಿನ, ಮತ್ತೆ ನೀರು, ಮತ್ತೆ ನೀರು. ಸೋಮವಾರ ವ್ಯಾನಿನಲ್ಲಿ ಪಕ್ಕದವಳು ಮುಖ ತಿರುಗಿಸಿದರೆ ನನ್ನ ಉಗುರೇ ನಾರುತ್ತಿದೆಯೇನೋ ಎನ್ನಿಸುತ್ತಿತ್ತು. ಮಗಳು ಪಕ್ಕದಲ್ಲಿ ಮಣೆ ಹಾಕಿ ಕೂತು ಚೊಂಬಿನಿಂದ ನೀರು ಹೊಯ್ಯುವಳು. ಕುರಿಗೆ ಎಷ್ಟು ಹೊಟ್ಟೆ, ತಾತನ ಊರಲ್ಲಿ ನೀನೂ ಕುರಿ ಕಾಯ್ತಿದ್ದೆಯಾ, ಕ್ಲಾಸಿನಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟರು, ಹೀಗೆ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ನಾನು ಹೂಂಗುಟ್ಟುತ್ತ, ಬೈಯುತ್ತ, ಒಮ್ಮೊಮ್ಮೆ ನನ್ನ ಬಾಲ್ಯದ್ದೊಂದು ಹೇಳುತ್ತ ಹೆರೆಯುತ್ತಿದ್ದೆ. ಪಾಪದ ಮಗು, ಭಾನುವಾರವೂ ಈ ಹೊಲಸಿನ ಮುಂದೆ ಕೂರಬೇಕಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ರೇಗಿ ಹೇಳಿದೆ, "ಬ್ಯಾರೆಯೋರೆಲ್ಲ ಮಕ್ಳನ್ನ ಕರ್ಕೊಂಡು ಎಲ್ಲೆಲ್ಲೋ ಹೋಯ್ತಾರೆ. ನಾವೂ ಹೋಗವಾ. ಬಾಡು ಬ್ಯಾಡ ಈ ವಾರ."

ಸರಿ, ಹೋದೆವು. ಮೊದಲು ಕೃಷ್ಣಗಿರಿ ಡ್ಯಾಮಿಗೆ. ಅಲ್ಲಿ ನೀರಿಗಿಂತ ಜನ ಹೆಚ್ಚಿದ್ದರು. ಸಾಲುಸಾಲು ಅಂಗಡಿಗಳಲ್ಲಿ ಕೆಂಪು ಮಸಾಲೆ ಬಳಿದ ಮೀನು, ಅದರ ಮೇಲೆ ನೊಣ. ಎಣ್ಣೆ ಎಷ್ಟು ಹಳೆಯದೆಂದರೆ ಬಾಣಲೆಯ ತಳ ಕಂಡ ನೆನಪು ಅಂಗಡಿಯವನಿಗೂ ಇರಲಾರದು. ತಿಂದು ಎಸೆದ ತಟ್ಟೆ, ಮುಳ್ಳು, ಮಕ್ಕಳ ಡೈಪರು, ಅದರ ನಡುವೆಯೇ ಚಾಪೆ ಹಾಸಿಕೊಂಡು ನಗುವ ಸಂಸಾರಗಳು. ಗಂಡನಿಗೆ ಕಾರ್ಖಾನೆಯ ಗೆಳೆಯರು ಸಿಕ್ಕಿ "ಈಗ ಬತ್ತೀನಿ" ಎಂದು ಹೋದವರು ಎರಡು ತಾಸು ಬರಲಿಲ್ಲ. ನಾನು ಚೀಲ ಕಾಯುತ್ತ ಫೋನು ನೋಡುತ್ತ ಕೂತೆ. ಮಗಳು ಒಂದು ಮುಳ್ಳಿನ ತುದಿಯಿಂದ ಮಣ್ಣಿನಲ್ಲಿ ಏನೋ ಗೀಚುತ್ತಿದ್ದಳು.

ಇನ್ನೊಂದು ಭಾನುವಾರ ಅತ್ತಿಬೆಲೆ ದಾಟಿ ಬೆಂಗಳೂರಿನ ಮಾಲಿಗೆ. ಚಳಿ ಹುಟ್ಟಿಸುವ ಏಸಿ, ಕಿವಿ ಹರಿಯುವ ಸದ್ದು. ಆಟದ ಜಾಗದಲ್ಲಿ ಮಗಳ ಕೈಗೆ ಒಂದು ಕಾರ್ಡು ಕೊಟ್ಟು ನಾವಿಬ್ಬರೂ ಹೊರಗಿನ ಬೆಂಚಿನಲ್ಲಿ ಕೂತೆವು. ಬೆಂಚಿನ ತುಂಬ ಅಪ್ಪ ಅಮ್ಮಂದಿರು. ಎಲ್ಲರ ತಲೆಯೂ ಫೋನಿನೊಳಗೆ. ನಮ್ಮದೂ. ಸ್ವಲ್ಪ ಹೊತ್ತಿಗೆ ತಲೆಯೆತ್ತಿದರೆ ಮಗಳು ಗಾಜಿನಾಚೆ ಸುಮ್ಮನೆ ನಿಂತು ನಮ್ಮನ್ನೇ ನೋಡುತ್ತಿದ್ದಳು. "ಆಡು, ಆಡು" ಎಂದು ಕೈಸನ್ನೆ ಮಾಡಿದೆ. ಊಟದ ಜಾಗದಲ್ಲಿ ಹಿಂದಿನವರು ಬಿಟ್ಟ ಎಂಜಲು ತಟ್ಟೆಯ ಮುಂದೆಯೇ ಕೂತು ಚೀಸು ಸುರಿದ ಅದೇನನ್ನೋ ತಿಂದೆವು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಅಷ್ಟನ್ನೂ ನನ್ನ ಸೀರೆಯ ಮೇಲೆ ಕಕ್ಕಿದಳು. ವೀಕೆಂಡ್ ಎನ್ನುವ ಪದ ಕೇಳಿದರೆ ಇವತ್ತಿಗೂ ನನಗೆ ಆ ಹುಳಿ ವಾಸನೆ ಬರುತ್ತದೆ.

ಮುಂದಿನ ವಾರದಿಂದ ಮತ್ತೆ ಗುಡ್ಡೆ ಬಾಡು, ಮತ್ತೆ ಬೋಟಿ. ನಾನು ಹಟ ಹಿಡಿದೆ. "ನಮ್ಮಪ್ಪ ಮಾಡ್ದಂಗೆ ಎಲ್ಲಾ ಗುಡ್ಡೆಗೂ ಹಾಕಿ. ಅವರವರ ಬೋಟಿ ಅವರವರೇ ತೊಳ್ಕಳ್ಲಿ." ಗಂಡ ಹಾಗೇ ಮಾಡಿದರು. ಎಲ್ಲರೂ ನಗುನಗುತ್ತ ತೆಗೆದುಕೊಂಡು ಹೋದರು. ಸಂಜೆ ನೋಡಿದರೆ ಖಾಲಿ ಸೈಟಿನ ಮೂಲೆಯಲ್ಲಿ ಎಂಟು ಕವರು ಬಿದ್ದಿವೆ. ನಾಯಿಗಳು ಕರುಳನ್ನು ಹಗ್ಗದಂತೆ ಎಳೆದಾಡುತ್ತಿದ್ದವು. ಒಂದು ಕಾಗೆ ತುಂಡೊಂದನ್ನು ತಂದು ನಮ್ಮ ಮಹಡಿಯ ಮೇಲೆ ಒಣಗಲು ಹಾಕಿದ್ದ ಮಗಳ ಯೂನಿಫಾರಂ ಮೇಲೆ ಬಿಟ್ಟಿತು. ಹಳ್ಳಿಯ ಪದ್ಧತಿ ಬೇಕು, ಹಳ್ಳಿಯ ಕೈಕೆಸರು ಬೇಡ. ಥೂ!

ಕೊನೆಗೆ ನಾನೇ ಸೈಟಿಗೆ ಹೋಗಿ ಹತ್ತು ಗಂಡಸರ ಎದುರು ಹೇಳಿದೆ. ಹತ್ತು ಗುಡ್ಡೆಯಲ್ಲಿ ಒಂದರ ಪಕ್ಕ ಇಡೀ ಬೋಟಿ ಇಡಿ. ಬೆನ್ನು ಹಾಕಿ ನಿಂತವರು ಯಾರ ಹೆಸರು ಕೂಗುತ್ತಾರೋ ಅವರಿಗೆ ಆ ಗುಡ್ಡೆ, ಬೋಟಿ ಸಮೇತ. ತೊಳೆಯುವುದು ಅವರ ಪಾಡು. ಎಸೆದವರಿಗೆ ಮುಂದಿನ ವಾರ ಪಾಲಿಲ್ಲ.

ಎಲ್ಲರೂ ಒಪ್ಪಿದರು. ಕೂಗುವವರು ಯಾರು ಎನ್ನುವಾಗ, ಭಾನುವಾರ ಏಳು ಗಂಟೆಗೆ ಎದ್ದಿರುವ ಮಗು ಇಡೀ ಲೇಔಟಿನಲ್ಲಿ ನಮ್ಮದೊಂದೇ ಎಂದು ತೀರ್ಮಾನವಾಯಿತು. ಪಾಲು ಹಾಕುವವರ ಮಗಳೇ ಕೂಗುವುದು ನಮ್ಮಪ್ಪನ ನಿಯಮಕ್ಕೆ ಒಪ್ಪುವ ಮಾತಲ್ಲ. ಆದರೆ ಮಗು ತಾನೇ ಎಂದು ನಾನೂ ಸುಮ್ಮನಾದೆ. ಸೈಟಿನ ಅಂಚಿನಲ್ಲಿ ಸದಾ ನಿಂತಿರುತ್ತಿದ್ದ ಒಂದು ಬಿಳಿ ಕಾರಿನ ಕಡೆ ಮುಖ ಮಾಡಿ, ಕೈಕಟ್ಟಿ ಅವಳು ನಿಂತಳು. ಗಂಡ ಕಡ್ಡಿಯಿಂದ ಮುಟ್ಟಿ ಕೇಳಿದರು, "ಇದ್ಯಾರ್ಗೆ?"

"ಮೂಲೆ ಮನೇಗೆ!"

"ಇದ್ಯಾರ್ಗೆ?"

"ಕಾರಿನ ಅಂಕಲ್‌ಗೆ!"

ಮೊದಲ ವಾರ ಬೋಟಿ ಬಿದ್ದದ್ದು ಕಾರಿನವರಿಗೇ. ಅವರ ಮುಖ ನೋಡಿ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಆ ಮಧ್ಯಾಹ್ನ ಇಡೀ ನನ್ನದಾಗಿತ್ತು. ಮಗಳ ಜೊತೆ ಇರಬೇಕು ಎಂದುಕೊಂಡೇ ಮಂಚದ ಮೇಲೆ ಒರಗಿದೆ, ಒಂದೇ ನಿಮಿಷ ಎಂದು ಫೋನು ತೆಗೆದೆ. ಮಗಳು ಎರಡು ಸಲ ಬಂದು ಏನೋ ಹೇಳಿದಳು. "ಹೋಗಮ್ಮಿ, ಆಟಾಡ್ಕೋ, ಬತ್ತೀನಿ" ಎಂದೆ. ಹಾಗೇ ನಿದ್ದೆ ಹೋದೆ. ಎದ್ದಾಗ ದೀಪ ಹಚ್ಚುವ ಹೊತ್ತು.

ಎರಡನೆಯ ವಾರ ಬೋಟಿ ನಮಗೇ ಬಂತು. ಅದೃಷ್ಟ ಎಂದುಕೊಂಡು ತೊಳೆದೆ. ಮೂರನೆಯ ವಾರವೂ ನಮಗೇ. ಗಂಡಸರು "ನ್ಯಾಯ ಅಂದ್ರೆ ಇದು, ಸ್ವಂತ ಮಗಳೇ ಅಪ್ಪನ್ನ ಬಿಡಲ್ಲ" ಎಂದು ನಕ್ಕರು. ನಾಲ್ಕನೆಯ ವಾರವೂ ನಮಗೆ ಬಂದಾಗ ನನಗೆ ನಗು ಬರಲಿಲ್ಲ. ಒಂದೇ ತಪ್ಪು ಸಾಲಾಗಿ ಮೂರು ಉಂಗುರದಲ್ಲಿ ಕಂಡರೆ ಅದು ಉಂಗುರದ ತಪ್ಪಲ್ಲ, ಅಚ್ಚಿನ ತಪ್ಪು ಎಂದು ನಮಗೆ ಕೆಲಸದಲ್ಲಿ ಕಲಿಸಿದ್ದಾರೆ. ಎಲ್ಲರೂ ಹೋದ ಮೇಲೆ ಮಗಳು ನಿಂತಿದ್ದ ಜಾಗದಲ್ಲಿ ಹೋಗಿ, ಸ್ವಲ್ಪ ಬಗ್ಗಿ, ಅವಳ ಎತ್ತರಕ್ಕೆ ನಿಂತೆ. ಕಾರಿನ ಕಪ್ಪು ಗಾಜಿನಲ್ಲಿ ಇಡೀ ಸೈಟು ಕನ್ನಡಿಯಂತೆ ಕಾಣುತ್ತಿತ್ತು. ಹತ್ತು ಎಲೆಗಳೂ ಕಾಣುತ್ತಿದ್ದವು. ಮೋಸ ಮಾಡಿದವರಿಗೇ ನಷ್ಟವಾಗುವ ಮೋಸವನ್ನು ಯಾರು ತಾನೇ ಅನುಮಾನಿಸುತ್ತಾರೆ?

ಮೈ ಉರಿದುಹೋಯಿತು. ಅಪ್ಪನ ಕಾಲದಿಂದ ಬಂದ ನ್ಯಾಯಕ್ಕೆ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ಮಣ್ಣು ಹಾಕಿದಳಲ್ಲ ಎನ್ನಿಸಿತು. ನಲ್ಲಿಯ ಹತ್ತಿರ ಅವಳು ಆಗಲೇ ಮಣೆ ಹಾಕಿಕೊಂಡು ಚೊಂಬು ಹಿಡಿದು ಕೂತಿದ್ದಳು. ಕರುಳನ್ನು ಕಡ್ಡಿಗೆ ಏರಿಸುತ್ತ ಕೇಳಿದೆ.

"ಗಾಜಿನಲ್ಲಿ ನೋಡ್ಕೊಂಡು ಕೂಗ್ತೀಯಾ?"

ಅವಳು ನೀರು ಹೊಯ್ಯುವುದನ್ನು ನಿಲ್ಲಿಸಿದಳು.

"ಯಾಕ್ ಹಿಂಗ್ ಮಾಡ್ದೆ? ಅಮ್ಮ ಈ ಹೇಸಿಗೇಲಿ ಸಾಯ್ಲಿ ಅಂತಾನಾ?"

"ಅಲ್ಲಮ್ಮ" ಎಂದಳು, ತಲೆ ತಗ್ಗಿಸಿಕೊಂಡೇ. "ಬೋಟಿ ಬಂದ್ರೆ ನೀನು ಇಲ್ಲೇ ಕೂತಿರ್ತೀಯ. ಕೈಯೆಲ್ಲ ಗಲೀಜಾಗಿರ್ತದಲ್ಲ, ಫೋನ್ ಮುಟ್ಟಕ್ಕಾಗಲ್ಲ."

ನನ್ನ ಕೈ ನೋಡಿಕೊಂಡೆ. ಮೊಣಕೈವರೆಗೆ ಹಸಿರು. ಇಷ್ಟು ವಾರ ಆ ಕೈ ನೋಡಿ ಅಸಹ್ಯಪಟ್ಟಿದ್ದೆ, ಗಂಡನನ್ನು, ನೆರೆಯವರನ್ನು, ಡ್ಯಾಮನ್ನು, ಮಾಲನ್ನು ಬೈದಿದ್ದೆ. ಆ ಹೊತ್ತು ನನಗೆ ನನ್ನ ಮೇಲೆಯೇ ಆದ ಅಸಹ್ಯ ಸಣ್ಣದಲ್ಲ. "ನೀರು ಹೊಯ್ಯಿ" ಎಂದೆ.

ತಪ್ಪು ಗೊತ್ತಾದ ಮೇಲೆ ತಿದ್ದಿಕೊಳ್ಳುವುದು ಸುಲಭ ಎನ್ನುವವರು ಪ್ರಯತ್ನ ಮಾಡಿ ನೋಡಬೇಕು. ಆ ಸಂಜೆ ಕೈ ತೊಳೆದು, ಶುದ್ಧವಾಗಿ ಮಗಳ ಪಕ್ಕ ಸೋಫಾದ ಮೇಲೆ ಕೂತೆ. ಏನಾದರೂ ಹೇಳು ಎಂದೆ. ಅವಳು ಹೇಳತೊಡಗಿದಳು. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ, ಅವಳು ಮಾತು ನಿಲ್ಲಿಸಿದ್ದು ಗೊತ್ತಾಗಿ ತಲೆಯೆತ್ತಿದೆ. ಫೋನು ನನ್ನ ಕೈಯಲ್ಲಿತ್ತು. ಯಾವಾಗ ತೆಗೆದೆನೋ ದೇವರಾಣೆ ನನಗೆ ಗೊತ್ತಿಲ್ಲ.

ಕಾರಿನ ಗಾಜಿನ ವಿಷಯ ನಾನು ಗಂಡನಿಗೆ ಹೇಳಲಿಲ್ಲ. ಮಗಳಿಗೆ ಮಾತ್ರ ಇನ್ನು ಗಾಜು ನೋಡಕೂಡದು ಎಂದೆ. ಅವಳು ತಲೆಯಾಡಿಸಿದಳು. ಮುಂದಿನ ಭಾನುವಾರ ಅವಳನ್ನು ಪರೀಕ್ಷಿಸುವ ಪ್ರಸಂಗವೇ ಬರಲಿಲ್ಲ. ಕಾರಿನವರು ಬೆಳಿಗ್ಗೆಯೇ ಗಾಡಿ ತೆಗೆದುಕೊಂಡು ಎಲ್ಲಿಗೋ ವೀಕೆಂಡಿಗೆ ಹೋಗಿದ್ದರು. ಮಗಳು ಬೋಳು ಕಾಂಪೌಂಡಿನ ಗೋಡೆಯ ಕಡೆ ಮುಖ ಮಾಡಿ ನಿಂತಳು. ಕೂಗುವ ಮುಂಚೆ ಒಮ್ಮೆ ತಿರುಗಿ ನನ್ನನ್ನು ನೋಡಿದಳು. ಆಮೇಲೆ ಪ್ರಾಮಾಣಿಕವಾಗಿ ಒಂದೊಂದೇ ಮನೆ ಕೂಗಿದಳು. ಬೋಟಿ ಪಕ್ಕದ ಮನೆಯ ತಮಿಳಿನಾಕೆಗೆ ಹೋಯಿತು.

ಮಗಳು ಮನೆಯೊಳಗೆ ನಡೆದಳು. ನಾನು ಫೋನು ತೆಗೆದು ಅಕ್ಕಿ ಡಬ್ಬದ ಮೇಲೆ ಇಟ್ಟೆ. ಆಮೇಲೆ ಪಕ್ಕದ ಮನೆಯ ಬಾಗಿಲು ಬಡಿದೆ. ಆಕೆ ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು, ಇನ್ನೊಂದು ಕೈಯನ್ನು ಆದಷ್ಟು ದೂರ ಚಾಚಿ ಆ ಕವರು ಹಿಡಿದು ನಿಂತಿದ್ದಳು.

"ಅದನ್ನ ನಮಗೆ ಕೊಟ್ಬುಡಮ್ಮ" ಎಂದೆ.

ಆಕೆ ನನ್ನ ಮಾತು ಮುಗಿಯುವ ಮುಂಚೆಯೇ ಕೊಟ್ಟಳು. ನನಗೆ ಹುಚ್ಚು ಹಿಡಿದಿದೆ ಎನ್ನುವ ಹಾಗೆ ನೋಡಿದಳು. ಕವರು ಬೆಚ್ಚಗಿತ್ತು, ತಳದಿಂದ ಏನೋ ಸೋರಿ ನನ್ನ ಪಾದದ ಮೇಲೆ ಬೀಳುತ್ತಿತ್ತು. ಅಸಹ್ಯವೇ, ಅದರಲ್ಲಿ ಬದಲಾವಣೆ ಏನಿಲ್ಲ. ಮನೆಯ ಪಕ್ಕದ ಸಂದಿಯಲ್ಲಿ ಹಾದು ಹಿಂದಕ್ಕೆ ಹೋಗಿ ಮಗಳನ್ನು ಕೂಗಿದೆ. ಬಂದು ನನ್ನ ಕೈಯಲ್ಲಿದ್ದುದನ್ನು ನೋಡಿದಳು. ಓಡಿಹೋಗಿ ಎರಡು ಮಣೆ ತಂದು, ಒಂದನ್ನು ನನ್ನ ಮುಂದೆ ಹಾಕಿದಳು.